ಅಜ್ಜಿಯ ಪವನು, ಪೆಟ್ಟಿಗೆಯ ಪವನು

ಕಾಸರಗೋಡಿನ ಕಡೆ ಚಿನ್ನದ ಲೆಕ್ಕವೆಂದರೆ ಪವನಿನ ಲೆಕ್ಕ. ‘ಮದುಮಗಳಿಗೆ ಎಷ್ಟು ಪವನು?’ ಎಂದು ಕೇಳುವುದರಲ್ಲಿ ಕನ್ನಡ, ತುಳು, ಮಲಯಾಳವೆಂಬ ಭೇದವಿಲ್ಲ. ಅಂಗಡಿಯಲ್ಲಿ ಪವನೆಂದರೆ 8 ಗ್ರಾಂ. ಆದರೆ ಈ ಲೆಕ್ಕದ ಮೂಲ ಒಂದು ನಾಣ್ಯ: ಬ್ರಿಟನ್ನಿನ ಸಾವರಿನ್. ಅದರ ತೂಕ 7.988 ಗ್ರಾಂ, 22 ಕ್ಯಾರೆಟ್ಟಿನದಾದ್ದರಿಂದ ಅಪ್ಪಟ ಚಿನ್ನ 7.32 ಗ್ರಾಂ ಮಾತ್ರ.

ಮಗಳ ಮದುವೆಗೆ ನಾಲ್ಕು ಬಳೆ ಮಾಡಿಸಬೇಕೆಂದು ಅಕ್ಕ ನಮ್ಮ ಅಜ್ಜಿಯ ಪವನಿನ ಸರ ಹಿಡಿದುಕೊಂಡು ಬಂದಳು. ಒಂದು ನಾಣ್ಯದಲ್ಲಿ 1918 ಎಂಬ ಇಸವಿ, ಅದರ ಮೇಲೆ ಸಾಸಿವೆಯಷ್ಟು ಸಣ್ಣದಾಗಿ ಇಂಗ್ಲಿಷಿನ ‘ಐ’ ಅಕ್ಷರ. ಅದು ಇಂಡಿಯಾದ ಗುರುತು. ಮುಂಬಯಿ ಟಂಕಸಾಲೆಯ ಸಾವರಿನ್ನುಗಳ ಮೇಲೆ ಇರುವುದು ಆ ಒಂದೇ ಇಸವಿ. ಮತ್ತೆ ಸಾವರಿನ್ ಭಾರತದಲ್ಲಿ ಅಚ್ಚಾದದ್ದು 2013ರಲ್ಲಿ.

“ಸಂಗ್ರಹ ಮಾಡುವವರು ಚಿನ್ನದ ನಾಲ್ಕು ಪಾಲು ಕೊಡ್ತಾರಂತೆ ಮಾರಾಯ” ಅಂದಳು ಅಕ್ಕ.

ಆಚಾರ್ರು ಭೂತಗನ್ನಡಿ ಹಿಡಿದು ನೋಡಿದರು. “ಕೊಂಡಿ ಬೆಸುಗೆ ಹಾಕಿದ್ದಾರಲ್ಲ ಅಕ್ಕಾ! ಸವೆದೂ ಹೋಗಿದೆ. ಇನ್ನು ಇದಕ್ಕೆ ಚಿನ್ನದ ಬೆಲೆ ಮಾತ್ರ.”

ಅವರು ಹೇಳಿದ್ದು ಸರಿ. ದಕ್ಷಿಣ ಆಫ್ರಿಕ 1967ರಲ್ಲಿ ಕ್ರೂಗರ್‌ರ‍್ಯಾಂಡ್ ಎಂಬ ಒಂದು ಔನ್ಸಿನ ಚಿನ್ನದ ನಾಣ್ಯ ಹೊರಡಿಸಿತು. ಅದರ ಬೆನ್ನಿಗೆ 1979ರಲ್ಲಿ ಕೆನಡಾದ ಮೇಪಲ್ ಲೀಫ್, 1986ರಲ್ಲಿ ಅಮೆರಿಕದ ಈಗಲ್ ಬಂದವು. ಸಾಮಾನ್ಯ ಪ್ರತಿಗಳಿಗೆ ಚಿನ್ನದ ಧಾರಣೆ, ಮೇಲೆ ಸ್ವಲ್ಪ ಹೆಚ್ಚುವರಿ. ಸಂಗ್ರಾಹಕರಿಗೆಂದೇ ಮಾಡುವ ‘ಪ್ರೂಫ್’ ನಾಣ್ಯಗಳ ಸಂಗತಿ ಬೇರೆ. ಅವುಗಳ ಅಚ್ಚಿಗೆ ವಿಶೇಷ ಹೊಳಪು ಕೊಟ್ಟು, ಒಂದಕ್ಕಿಂತ ಹೆಚ್ಚು ಸಲ ಒತ್ತಿ, ಮಿತ ಸಂಖ್ಯೆಯಲ್ಲಿ ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರೆ. ಬೆರಳಿನ ಗುರುತು ಬಿದ್ದರೂ ಬೆಲೆ ತಗ್ಗೀತು. ಕೊಂಡಿ ಬಿದ್ದರಂತೂ ಮುಗಿಯಿತು. ನಮ್ಮಲ್ಲೋ, ಕೊಂಡಿ ಇಲ್ಲದ ಪವನು ಕುತ್ತಿಗೆಗೆ ಬರುವುದಾದರೂ ಹೇಗೆ?

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕರಗಿಸಿದರೆ ಬಳೆಯಾಗುತ್ತದೆ, ನಿಜ. ಆದರೆ ಅಜ್ಜಿಯ ಮೈಗೆ ಉಜ್ಜಿ ಸವೆದ ಆ ಸವಕಲು ಯಾವ ಬಳೆಯಲ್ಲಿ ಉಳಿದೀತು?

“ಬೇಡ ಆಚಾರ್ರೇ. ಎರಡೇ ಬಳೆ ಸಾಕು, ಅದಕ್ಕೆ ಬೇರೆ ದಾರಿ ನೋಡುವ” ಎಂದು ಸರವನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

ಧಾರೆಯ ದಿನ ಮದುಮಗಳ ಕೈಯಲ್ಲಿ ಬಳೆ ಎರಡೇ ಇದ್ದವು. ಕುತ್ತಿಗೆಯಲ್ಲಿ ಅಜ್ಜಿಯ ಪವನಿನ ಸರ ಇತ್ತು. ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು ಅದನ್ನೇ ನೋಡಿ, “ಇದು ಹಳೇ ಪವನಲ್ಲವಾ?” ಎಂದು ಕೇಳಿದರು. ಉತ್ತರ ಹೇಳುವಾಗ ಅಕ್ಕನ ಮುಖ ನೋಡಬೇಕಿತ್ತು.