ಅಂಕ ಬಂತು, ಕಲಿಕೆ ಬಂತೇ?

ಬಿ.ಕಾಂ ಕೊನೆಯ ವರ್ಷದ ವಿದ್ಯಾರ್ಥಿಗೆ ಒಂದು ಕಿರಾಣಿ ಅಂಗಡಿಯ ಬಿಲ್ಲುಗಳ ಕಟ್ಟು, ಪಾಸ್‌ಬುಕ್ಕು, ಸಾಲದ ಪುಸ್ತಕ ಕೊಟ್ಟು ‘ಈ ಅಂಗಡಿ ಲಾಭದಲ್ಲಿದೆಯೇ ಹೇಳು’ ಎಂದರೆ ಏನಾಗುತ್ತದೆ? ಪರೀಕ್ಷೆಯ ಲೆಕ್ಕದಲ್ಲಿ ತಾಳೆ ಪಟ್ಟಿ ಮೊದಲೇ ಸಿದ್ಧವಿರುತ್ತದೆ, ಸರಿಹೊಂದಿಸಬೇಕಾದ ಅಂಶಗಳನ್ನೂ ಕೆಳಗೆ ಬರೆದುಕೊಟ್ಟಿರುತ್ತಾರೆ. ಅಂಗಡಿಯಲ್ಲಿ ಹಾಗಿರುವುದಿಲ್ಲ. ಮಾಲೀಕ ಮನೆಖರ್ಚಿಗೆಂದು ಗಲ್ಲಾಪೆಟ್ಟಿಗೆಯಿಂದ ತೆಗೆದ ಹಣ, ವಸೂಲಾಗದ ಬಾಕಿ, ಮಾರಾಟವಾಗದೆ ಉಳಿದ ಸರಕು ಎಲ್ಲವನ್ನೂ ಹುಡುಕಿ ತೆಗೆಯಬೇಕು. ಅಂಕಪಟ್ಟಿಯ 75 ಅಂಕ ಮೊದಲ ಕೆಲಸ ಬರುತ್ತದೆ ಎಂದು ಹೇಳುತ್ತದೆ, ಎರಡನೆಯದರ ಬಗ್ಗೆ ಏನೂ ಹೇಳುವುದಿಲ್ಲ. ಪದವಿ ಮುಗಿಸಿದವರಿಗೆ ನಿಜಕ್ಕೂ ಏನು ಮಾಡಲು ಬರುತ್ತದೆ ಎಂಬುದನ್ನು ಅಳೆಯುವ ಪ್ರಯತ್ನವೇ ಕಲಿಕಾ ಫಲದ ಮೌಲ್ಯಮಾಪನ.

ಪ್ರಶ್ನೆ ಹುಟ್ಟಿದ ಬಗೆ

ವಾಣಿಜ್ಯ ಮತ್ತು ನಿರ್ವಹಣಾ ಶಿಕ್ಷಣದಲ್ಲಿ ಈ ಪ್ರಶ್ನೆಗೆ ದೊಡ್ಡ ಒತ್ತು ಕೊಟ್ಟದ್ದು ಅಮೆರಿಕದಲ್ಲಿ 1916ರಲ್ಲಿ ಹುಟ್ಟಿದ ಎಎಸಿಎಸ್‌ಬಿ ಎಂಬ ಮಾನ್ಯತಾ ಸಂಸ್ಥೆ. 2003ರ ತನ್ನ ಮಾನದಂಡಗಳಲ್ಲಿ ಅದು, ಕಾಲೇಜು ಏನು ಕಲಿಸಿತು ಎಂದು ಹೇಳಿದರೆ ಸಾಲದು, ವಿದ್ಯಾರ್ಥಿ ಏನು ಕಲಿತ ಎಂಬುದಕ್ಕೆ ಸಾಕ್ಷಿ ಬೇಕು ಎಂದಿತು. ಒಂದು ಕೋರ್ಸಿನ ಅಂಕದಲ್ಲಿ ಹಾಜರಾತಿ, ಅಸೈನ್‌ಮೆಂಟ್, ಟೆಸ್ಟು ಎಲ್ಲ ಕಲಸಿಹೋಗಿರುತ್ತವೆ. ಒಬ್ಬನಿಗೆ ಲೆಕ್ಕ ಬರುತ್ತದೆ, ವರದಿ ಬರೆಯಲು ಬರುವುದಿಲ್ಲ. ಇನ್ನೊಬ್ಬಳದು ತದ್ವಿರುದ್ಧ. ಇಬ್ಬರಿಗೂ 60 ಅಂಕ! ಹಾಗಾಗಿ ಪ್ರತಿ ಸಾಮರ್ಥ್ಯವನ್ನೂ ಬಿಡಿಸಿ ನೋಡಬೇಕಾಯಿತು.

2011ರಲ್ಲಿ ಸಮಾಜಶಾಸ್ತ್ರಜ್ಞರಾದ ರಿಚರ್ಡ್ ಅರಮ್ ಮತ್ತು ಜೋಸಿಪಾ ರೋಕ್ಸಾ ಪ್ರಕಟಿಸಿದ ಅಧ್ಯಯನ ಅಲ್ಲಿನ ಚರ್ಚೆಗೆ ಕಾವು ಕೊಟ್ಟಿತು. 24 ಸಂಸ್ಥೆಗಳ 2,300ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಅವರು ಪರೀಕ್ಷಿಸಿದ್ದರು. ಮೊದಲ ಎರಡು ವರ್ಷಗಳ ನಂತರ ಶೇ 45ರಷ್ಟು ಮಂದಿಯ ವಿಮರ್ಶಾತ್ಮಕ ಚಿಂತನೆ ಮತ್ತು ಬರವಣಿಗೆಯಲ್ಲಿ ಗಮನಾರ್ಹ ಪ್ರಗತಿ ಕಾಣಲಿಲ್ಲ. ಕಡಿಮೆ ಪ್ರಗತಿ ತೋರಿದವರಲ್ಲಿ ಬಿಸಿನೆಸ್ ಓದುವವರೂ ಇದ್ದರು. ಅಧ್ಯಯನದ ವಿಧಾನಕ್ಕೆ ಆಕ್ಷೇಪಗಳು ಬಂದರೂ, ಎತ್ತಿದ ಪ್ರಶ್ನೆ ಉಳಿಯಿತು.

ನಮ್ಮ ಕಾಲೇಜುಗಳಲ್ಲಿ

ಭಾರತ 2014ರಲ್ಲಿ ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವ ಪಡೆದ ಮೇಲೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಫಲಾಧಾರಿತ ಶಿಕ್ಷಣದ ಮಾತು ಬಲವಾಯಿತು. ಕಾಲೇಜುಗಳಿಗೆ ಮಾನ್ಯತೆ ನೀಡುವ ನ್ಯಾಕ್‌ನ ಮೌಲ್ಯಾಂಕನ ಮತ್ತು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಪಠ್ಯಕ್ರಮ ಚೌಕಟ್ಟುಗಳ ಮೂಲಕ ಬಿ.ಕಾಂ, ಬಿಬಿಎ ತರಗತಿಗಳಲ್ಲೂ ಅದು ನೆಲೆಯೂರಿತು. 2024–25ರಿಂದ ಬಿಬಿಎ ಕೋರ್ಸ್ ತಾಂತ್ರಿಕ ಶಿಕ್ಷಣದ ನಿಯಂತ್ರಕ ಸಂಸ್ಥೆ ಎಐಸಿಟಿಇ ವ್ಯಾಪ್ತಿಗೂ ಬಂದಿದೆ. ಈಗ ‘ಸಿಒ’ (ಕೋರ್ಸಿನ ಫಲ), ‘ಪಿಒ’ (ಇಡೀ ಪದವಿಯ ಫಲ), ‘ಮ್ಯಾಪಿಂಗ್’, ‘ಅಟೈನ್‌ಮೆಂಟ್’ ಎಂಬ ಪದಗಳು ಸ್ಟಾಫ್ ರೂಮಿನಲ್ಲಿ ನಿತ್ಯದ ಮಾತು.

ಅಟೈನ್‌ಮೆಂಟ್, ಅಂದರೆ ಸಾಧನೆಯ ಮಟ್ಟದ ಲೆಕ್ಕಾಚಾರ ಸಾಮಾನ್ಯವಾಗಿ ಹೀಗಿರುತ್ತದೆ: ಒಂದು ವಿಷಯಕ್ಕೆ ಐದಾರು ಫಲಗಳನ್ನು ಬರೆಯುವುದು, ಪ್ರತಿ ಪ್ರಶ್ನೆ ಯಾವ ಫಲಕ್ಕೆ ಸೇರಿದ್ದು ಎಂದು ಗುರುತಿಸುವುದು, ನಿಗದಿತ ಗುರಿ ಮುಟ್ಟಿದ ವಿದ್ಯಾರ್ಥಿಗಳ ಪ್ರಮಾಣ ನೋಡಿ 1, 2 ಅಥವಾ 3ರ ಮಟ್ಟ ಕೊಡುವುದು. ತರ್ಕವೇನೋ ಚೆನ್ನಾಗಿದೆ. ಆದರೆ ಪ್ರಶ್ನೆ ಹಿಂದಿನ ವರ್ಷದ್ದೇ ಆಗಿ, ಅಂಕಿ ಮಾತ್ರ ಬದಲಾಗಿದ್ದರೆ ಅಳತೆಗೆ ಸಿಕ್ಕಿದ್ದು ನೆನಪಿನ ಶಕ್ತಿ. ‘ವಿಶ್ಲೇಷಿಸುವ ಸಾಮರ್ಥ್ಯ’ ಎಂದು ಕಾಗದದಲ್ಲಿ ಬರೆದು, ‘ಮಾರುಕಟ್ಟೆಯ ಲಕ್ಷಣಗಳನ್ನು ವಿವರಿಸಿ’ ಎಂದು ಕೇಳಿದರೆ ಕೋಷ್ಟಕ ತುಂಬುತ್ತದೆಯೇ ಹೊರತು ಸಾಕ್ಷಿ ಹುಟ್ಟುವುದಿಲ್ಲ. ಆಂತರಿಕ ಮೌಲ್ಯಮಾಪನದ (ಐಎ) ಅಂಕ ಕೊಡುವುದೂ ಕಾಲೇಜೇ, ಅದರಿಂದ ಸಾಧನೆಯ ಮಟ್ಟ ಹೇಳುವುದೂ ಕಾಲೇಜೇ ಆದಾಗ ಸಂಖ್ಯೆ ಸಿಹಿಯಾಗದೆ ಇರುವುದು ಕಷ್ಟ.

ಮುಗಿಯದ ಸುತ್ತು

ಈ ಕೆಲಸದ ಪ್ರಾಣ ಇರುವುದು ಕೊನೆಯ ಹಂತದಲ್ಲಿ: ಎಲ್ಲಿ ಸೋತೆವು ಎಂದು ನೋಡಿ, ಪಾಠ ಬದಲಿಸಿ, ಮುಂದಿನ ತಂಡವನ್ನು ಮತ್ತೆ ಅಳೆಯುವುದು. ಕರ್ನಾಟಕದಲ್ಲಿ ಇದಕ್ಕೆ ಪುರುಸೊತ್ತೇ ಸಿಗಲಿಲ್ಲ. 2021–22ರಲ್ಲಿ ದೇಶದಲ್ಲೇ ಮೊದಲಾಗಿ, ನಾಲ್ಕು ವರ್ಷದ ಪದವಿಗೂ ಅವಕಾಶವಿದ್ದ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು. ಆ ಮೊದಲ ತಂಡ ಮೂರು ವರ್ಷ ಮುಗಿಸಿದ 2024ರಲ್ಲೇ, ರಾಜ್ಯದ್ದೇ ಶಿಕ್ಷಣ ನೀತಿ ರೂಪಿಸಲು ನೇಮಿಸಿದ್ದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯ ಮೇಲೆ, ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿ ಹೊಸ ಪಠ್ಯಕ್ರಮ ತಂದಿತು. ಯಾವ ನೀತಿ ಸರಿ ಎಂಬುದು ಬೇರೆ ಚರ್ಚೆ. ಒಂದು ಪಠ್ಯಕ್ರಮದ ಫಲವನ್ನು ಕೂತು ನೋಡುವ ಮೊದಲೇ ಇನ್ನೊಂದು ಬಂದರೆ ಶಿಕ್ಷಕರು ಯಾವುದನ್ನು ತಿದ್ದಬೇಕು?

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾಗ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಮುಂದಿನ ವರ್ಷ ಅದೇ ಕಾಲೇಜಿನಲ್ಲಿ ಇರುತ್ತೇನೆಯೇ ಎಂದು ತಿಳಿಯದವರಿಂದ ಮೂರು ವರ್ಷದ ಜಾಡು ಹಿಡಿಯುವ ಕೆಲಸ ನಿರೀಕ್ಷಿಸುವುದು ಅನ್ಯಾಯ. ಇನ್ನೊಂದು ಸೂಕ್ಷ್ಮ ಭಾಷೆಯದು. ಕನ್ನಡ ಮಾಧ್ಯಮದಿಂದ ಬಂದ ಹುಡುಗಿ ಸವಕಳಿ ಎಂದರೇನೆಂದು ಬಲ್ಲಳು, ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಲು ತಡವರಿಸುತ್ತಾಳೆ. ಅವಳ ಕಡಿಮೆ ಅಂಕ ಲೆಕ್ಕಶಾಸ್ತ್ರದ ಸೋಲೋ, ಭಾಷೆಯ ಸೋಲೋ ಎಂದು ಬೇರ್ಪಡಿಸದ ಅಳತೆ ಅವಳಿಗೆ ದ್ರೋಹ ಮಾಡುತ್ತದೆ.

ಆಗಬಹುದಾದದ್ದು

ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ಇಡೀ ಪದವಿಗೆ ನಾಲ್ಕೈದು ಗುರಿ ಸಾಕು: ಲೆಕ್ಕ ಓದಿ ಅರ್ಥ ಹೇಳುವುದು, ಜಿಎಸ್‌ಟಿ ಬಿಲ್ಲಿನ ತಪ್ಪು ಹಿಡಿಯುವುದು, ಒಂದು ಪುಟದ ಸ್ಪಷ್ಟ ವರದಿ ಬರೆಯುವುದು, ಲಾಭ ಮತ್ತು ನ್ಯಾಯ ಎದುರುಬದುರಾದಾಗ ಕಾರಣ ಕೊಟ್ಟು ನಿರ್ಧರಿಸುವುದು. ಕೊನೆಯ ಸೆಮಿಸ್ಟರಿನಲ್ಲಿ ಎಲ್ಲರಿಗೂ ಒಂದೇ ಪ್ರಕರಣ ಕೊಟ್ಟು, ಹೆಸರು ಮುಚ್ಚಿದ ಉತ್ತರಗಳನ್ನು ಇಬ್ಬರು ಶಿಕ್ಷಕರು ಮೊದಲೇ ಒಪ್ಪಿದ ಅಳತೆಗೋಲಿನಿಂದ ಪ್ರತ್ಯೇಕವಾಗಿ ನೋಡಲಿ. ಎಲ್ಲವನ್ನೂ ನೋಡಲಾಗದಿದ್ದರೆ ಒಂದಿಷ್ಟನ್ನು ಆರಿಸಿಕೊಳ್ಳಲಿ. ಉತ್ತರವನ್ನು ಕನ್ನಡದಲ್ಲಿ ಬರೆದರೂ ಆದೀತು. ಆಮೇಲೆ ವಿಭಾಗದವರೆಲ್ಲ ಕೂತು ಒಂದೇ ಒಂದು ಬದಲಾವಣೆ ತೀರ್ಮಾನಿಸಲಿ. ಕಡಿಮೆ ಮಟ್ಟ ತೋರಿಸಿದ ಕಾಲೇಜಿಗೆ ಶಿಕ್ಷೆಯ ಭಯ ಇರಕೂಡದು. ಭಯವಿದ್ದಲ್ಲಿ ಎಲ್ಲರಿಗೂ 3ರ ಮಟ್ಟವೇ ಬರುತ್ತದೆ.

ಮಕ್ಕಳನ್ನು ಬಿ.ಕಾಂ, ಬಿಬಿಎಗೆ ಸೇರಿಸಲು ಹೋಗುವ ತಂದೆತಾಯಂದಿರು ಫಲಿತಾಂಶದ ಶೇಕಡಾವಾರು ಕೇಳುತ್ತಾರೆ, ಪ್ಲೇಸ್‌ಮೆಂಟ್ ಕೇಳುತ್ತಾರೆ. ಅದರ ಜೊತೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ‘ಕಳೆದ ವರ್ಷ ನಿಮ್ಮ ವಿದ್ಯಾರ್ಥಿಗಳಿಗೆ ಏನು ಬರಲಿಲ್ಲ, ಅದಕ್ಕಾಗಿ ಈ ವರ್ಷ ಏನು ಬದಲಿಸಿದ್ದೀರಿ?’ ಇದಕ್ಕೆ ನೇರ ಉತ್ತರ ಕೊಡುವ ಕಾಲೇಜನ್ನು ನಂಬಿ.