ಗುಂಡುಗಳ ನಾಡಿನಲ್ಲಿ ಯಾವ ಜಿಪಿಎಸ್ ಹಿಡಿಯಬೇಕು?

ಬಳ್ಳಾರಿಯ ಕೌಲ್ ಬಜಾರ್‌ನಿಂದ ಕೆಲವೇ ಕಿಲೋಮೀಟರ್ ಹೋದರೆ ಸಂಗನಕಲ್ಲು, ಕುಪ್ಪಗಲ್ಲಿನ ಗುಡ್ಡಗಳು ಸಿಗುತ್ತವೆ. ಅಲ್ಲಿನ ಕಪ್ಪು ಡಾಲರೈಟ್ ಬಂಡೆಗಳ ಮೇಲೆ ನವಶಿಲಾಯುಗದ ದನಗಾಹಿ ಜನ ಗೂಳಿಗಳನ್ನೂ ಮನುಷ್ಯರನ್ನೂ ಕುಟ್ಟಿ ಮೂಡಿಸಿದ್ದಾರೆ. ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಲೋಹದ ನಾದ ಹೊಮ್ಮುತ್ತದೆ. 1892ರಲ್ಲಿ ಎಫ್. ಫಾಸೆಟ್ ಈ ಚಿತ್ರಗಳ ಬಗ್ಗೆ ಬರೆದರು. 2004ರಲ್ಲಿ ನಿಕೋಲ್ ಬೊಯಿವಿನ್ ಆ ನಾದದ ಕಲ್ಲುಗಳ ಕುರಿತು ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ಫಾಸೆಟ್ ಕಾಲದಲ್ಲಿ ಇಂಥ ಒಂದು ಬಂಡೆಯ ಗುರುತನ್ನು ಇನ್ನೊಬ್ಬರಿಗೆ ಮಾತಿನಲ್ಲೇ ಹೇಳಬೇಕಿತ್ತು. ಸಾವಿರ ಗುಂಡುಗಳು ಒಂದರ ಮೇಲೊಂದು ಬಿದ್ದಿರುವ ಗುಡ್ಡದಲ್ಲಿ ‘ಉತ್ತರದ ಇಳಿಜಾರಿನ ದೊಡ್ಡ ಬಂಡೆ’ ಎಂದರೆ ಯಾವುದೆಂದು ಹುಡುಕುವುದು? ಈಗ ಅಕ್ಷಾಂಶ ರೇಖಾಂಶಗಳ ಎರಡು ಸಂಖ್ಯೆ ಕೊಟ್ಟರೆ ಸಾಕು, ಗುರುತಿಲ್ಲದವರೂ ಬಂಡೆಯ ಬುಡಕ್ಕೆ ಬಂದು ನಿಲ್ಲುತ್ತಾರೆ. ಬುಡಕ್ಕೇ ಬರುತ್ತಾರೋ, ಪಕ್ಕದ ಬಂಡೆಗೆ ಹೋಗುತ್ತಾರೋ ಎಂಬುದು ಕೈಯಲ್ಲಿರುವ ಯಂತ್ರಕ್ಕೂ ಅದನ್ನು ಹಿಡಿಯುವ ರೀತಿಗೂ ಬಿಟ್ಟದ್ದು.

ಈ ಎರಡು ಸಂಖ್ಯೆಗಳನ್ನೇ ಆಟವಾಗಿಸಿದ್ದು ಜಿಯೋಕ್ಯಾಶಿಂಗ್. ಅಮೆರಿಕದ ಸೇನೆ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷದಿಂದಾಗಿ ಸಾಮಾನ್ಯರ ಯಂತ್ರಗಳು ನೂರು ಮೀಟರಿನಷ್ಟು ತಪ್ಪುತ್ತಿದ್ದವು. 2000ದ ಮೇ 2ರಂದು ಆ ಕಲಬೆರಕೆ ನಿಂತಿತು. ಮರುದಿನವೇ ಡೇವ್ ಅಲ್ಮರ್ ಎಂಬಾತ ಆರೆಗಾನ್ ರಾಜ್ಯದ ಕಾಡೊಂದರಲ್ಲಿ ಬಕೆಟ್ ಬಚ್ಚಿಟ್ಟು, ಅದರ ಸ್ಥಾನವನ್ನು ಅಂತರಜಾಲದಲ್ಲಿ ಹಾಕಿ, ಹುಡುಕಿ ನೋಡೋಣ ಎಂದ. ಪೆಟ್ಟಿಗೆ ಸಿಕ್ಕವರು ಅದರೊಳಗಿನ ಪುಸ್ತಕದಲ್ಲಿ ಹೆಸರು ಬರೆಯಬೇಕು, ಒಳಗಿನ ವಸ್ತು ಒಯ್ದರೆ ಇನ್ನೊಂದನ್ನು ಇಡಬೇಕು. ಆಟದ ನಿಯಮ ಇಷ್ಟೇ.

ಗುಡ್ಡ ಹತ್ತುವ ಚಪಲ ಇರುವವರು ಕೈಯಲ್ಲಿ ಹಿಡಿಯುವ ಜಿಪಿಎಸ್ ಕೊಳ್ಳಲು ಹೊರಟಾಗ ಮೊದಲು ನೋಡುವುದು ಪೆಟ್ಟಿಗೆಯ ಮೇಲಿನ ‘3 ಮೀಟರ್ ನಿಖರತೆ’ ಎಂಬ ಸಾಲನ್ನು. ನನ್ನನ್ನು ಕೇಳಿದರೆ ಕಡೆಗೆ ನೋಡಬೇಕಾದದ್ದು ಅದು. ಆ ಮೂರು ಮೀಟರ್ ಬಯಲಿನ ಲೆಕ್ಕ. ನಮ್ಮದು ಗುಂಡುಗಳ ನಾಡು.

ಜಿಪಿಎಸ್ ಉಪಗ್ರಹಗಳು ನೆಲದಿಂದ ಸುಮಾರು 20,200 ಕಿಲೋಮೀಟರ್ ಮೇಲಿವೆ. ಪ್ರತಿಯೊಂದೂ ತನ್ನ ಪರಮಾಣು ಗಡಿಯಾರದ ಸಮಯವನ್ನು ಸಾರುತ್ತಾ ಸುತ್ತುತ್ತದೆ. ಸಂಕೇತ ಕೈಗೆ ತಲುಪಲು ಹಿಡಿದ ಹೊತ್ತನ್ನು ಯಂತ್ರ ಅಳೆದು ದೂರಕ್ಕೆ ಪರಿವರ್ತಿಸುತ್ತದೆ. ನಾಲ್ಕು ಉಪಗ್ರಹ ಸಿಕ್ಕರೆ ಅಕ್ಷಾಂಶ, ರೇಖಾಂಶ, ಎತ್ತರದ ಜೊತೆಗೆ ತನ್ನದೇ ಅಗ್ಗದ ಗಡಿಯಾರದ ತಪ್ಪನ್ನೂ ಕಂಡುಕೊಳ್ಳುತ್ತದೆ. ಒಂದು ನ್ಯಾನೊಸೆಕೆಂಡ್ ತಪ್ಪಿದರೆ ದೂರ 30 ಸೆಂಟಿಮೀಟರ್ ತಪ್ಪುತ್ತದೆ. ಹಾಗಿರುವಾಗ ಎದುರಿನ ಬಂಡೆಗೆ ಬಡಿದು ಬಳಸಿ ಬಂದ ಸಂಕೇತವನ್ನು ಯಂತ್ರ ನೇರ ಸಂಕೇತವೆಂದು ನಂಬಿದರೆ ಗತಿಯೇನು? ಎರಡು ಗುಂಡುಗಳ ಸಂದಿನಲ್ಲಿ ನಿಂತು ಕೂಗಿದರೆ ನಿಜವಾದ ಕೂಗೂ ಅದರ ಮಾರ್ದನಿಯೂ ಕಲೆಸಿಹೋಗುವಂತೆ ಇಲ್ಲೂ ಎರಡು ಕಲೆಯುತ್ತವೆ. ನೀವು ಕದಲದೆ ನಿಂತಿದ್ದರೂ ಪರದೆಯ ಮೇಲಿನ ಬಾಣ ಹತ್ತಿಪ್ಪತ್ತು ಮೀಟರ್ ಅಡ್ಡಾಡುವುದು ಇದರಿಂದಲೇ.

ಇದಕ್ಕೆ ಮದ್ದೆಂದು ಕಂಪನಿಗಳು ಎರಡು ಆವರ್ತನದ ಯಂತ್ರಗಳನ್ನು ಮಾರುತ್ತಿವೆ. ಹಳೆಯ ಎಲ್1 ಆವರ್ತನದ ಸಂಕೇತವನ್ನು ಹೆಣೆದಿರುವ ಒಂದೊಂದು ತುಣುಕು ಸುಮಾರು 293 ಮೀಟರ್ ಉದ್ದದ್ದು, ಹೊಸ ಎಲ್5ರದು 29 ಮೀಟರ್. ತುಣುಕು ಚಿಕ್ಕದಾದಷ್ಟೂ ತಡವಾಗಿ ಬಂದ ಪ್ರತಿಫಲನವನ್ನು ಬೇರ್ಪಡಿಸಿ ಆಚೆ ಹಾಕುವುದು ಸುಲಭ. ದೂರದ ಕಡಿದಾದ ಬೆಟ್ಟದ ಮೈಗೆ ಬಡಿದು ಬಂದದ್ದನ್ನು ಎಲ್5 ಚೆನ್ನಾಗಿಯೇ ಸೋಸುತ್ತದೆ. ಮಾರಾಟಗಾರ ಹೇಳದ ಮಾತೊಂದಿದೆ: ತೋಳಳತೆಯ ದೂರದಲ್ಲಿರುವ ಗುಂಡಿನಿಂದ ಬಂದ ಪ್ರತಿಫಲನ ಬಳಸಿರುವುದು ಹೆಚ್ಚೆಂದರೆ ಒಂದೆರಡು ಮೀಟರ್ ಅಷ್ಟೆ. ಅದು ಎಲ್5ರ ಜರಡಿಯಲ್ಲೂ ನುಸುಳುತ್ತದೆ. ಎರಡು ಆವರ್ತನ ಇದ್ದರೆ ಒಳ್ಳೆಯದು, ಆದರೆ ಸಂದಿಯೊಳಗೆ ಅದು ಪವಾಡ ಮಾಡುವುದಿಲ್ಲ. ಅಲ್ಲಿ ಕೈ ಹಿಡಿಯುವುದು ಆಂಟೆನಾ ಮತ್ತು ತಾಳ್ಮೆ. ಗಾರ್ಮಿನ್‌ನ ಜಿಪಿಎಸ್‌ಮ್ಯಾಪ್ ಸಾಲಿನ ತಲೆಯ ಮೇಲೆ ಮೋಟು ಕೊಂಬಿನಂತಿರುವುದು ಸುರುಳಿ ಆಂಟೆನಾ, ಅದನ್ನು ನೆಟ್ಟಗೆ ಹಿಡಿಯಬೇಕು. ಅಗ್ಗದ ಇಟ್ರೆಕ್ಸ್ ಸಾಲಿನದು ಚಪ್ಪಟೆ ಆಂಟೆನಾ, ಅದನ್ನು ಅಂಗೈ ಮೇಲೆ ಮಲಗಿಸಿ ಆಕಾಶ ನೋಡಿಸಬೇಕು. ಇಟ್ರೆಕ್ಸನ್ನು ಸೊಂಟದ ಚೀಲದಲ್ಲಿ ಅಡ್ಡಡ್ಡ ತುರುಕಿಕೊಂಡು ನಡೆದು, ಯಂತ್ರ ಸರಿಯಿಲ್ಲ ಎಂದು ಬಯ್ಯುವವರಿದ್ದಾರೆ. ಪೆಟ್ಟಿಗೆ ಬಚ್ಚಿಡುವವರಂತೂ ಒಂದು ಓದಿಗೆ ತೃಪ್ತರಾಗದೆ, ಯಂತ್ರದಲ್ಲಿರುವ ಸರಾಸರಿ ತೆಗೆಯುವ ಸೌಲಭ್ಯ ಬಳಸಿ, ಒಂದೆರಡು ಗಂಟೆ ಬಿಟ್ಟು ಮತ್ತೆ ಅಳೆಯಬೇಕು. ಅಷ್ಟರಲ್ಲಿ ಉಪಗ್ರಹಗಳು ಜಾಗ ಬದಲಿಸಿರುತ್ತವೆ, ಪ್ರತಿಫಲನವೂ ಬದಲಾಗಿರುತ್ತದೆ.

ಗುಡ್ಡಕ್ಕೆ ಹೋಗುವ ಮುನ್ನ ಊರಲ್ಲೇ ಪರೀಕ್ಷೆ ಮಾಡಬಹುದು. ಕೌಲ್ ಬಜಾರ್‌ನ ಇಕ್ಕಟ್ಟಿನ ಓಣಿಯೊಂದರಲ್ಲಿ ಹೋಗಿ ಬರುವ ದಾರಿಯನ್ನು ದಾಖಲಿಸಿ ನೋಡಿ. ಹೋದ ಗೆರೆಯೂ ಬಂದ ಗೆರೆಯೂ ಒಂದೇ ಓಣಿಯಲ್ಲಿ ಬಿದ್ದರೆ ಯಂತ್ರ ಪಾಸು. ಒಂದು ಗೆರೆ ಯಾರದೋ ಅಡುಗೆಮನೆಯ ಮೂಲಕ ಹಾದುಹೋಗಿದ್ದರೆ ಗುಂಡುಗಳ ನಡುವೆಯೂ ಅದು ಹೀಗೇ ಆಡುತ್ತದೆಂದು ತಿಳಿಯಿರಿ.

ಮೊಬೈಲ್ ಸಾಲದೇ? ಬಹುಮಂದಿಗೆ ಸಾಕು. 2018ರಲ್ಲಿ ಶವೊಮಿಯ ಮಿ 8 ಬಂದ ಮೇಲೆ ಎರಡು ಆವರ್ತನವೂ ಮೊಬೈಲಿಗೆ ಇಳಿದಿದೆ. ನಕಾಶೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ನೆಟ್‌ವರ್ಕ್ ಇಲ್ಲದೆಯೂ ನಡೆಯುತ್ತದೆ. ಮೊಬೈಲು ಸೋಲುವುದು ಬಳ್ಳಾರಿಯ ಬಿಸಿಲಿಗೆ. ಆಪಲ್ ತನ್ನ ಐಫೋನ್‌ಗೆ ಹೇಳಿರುವ ಸುತ್ತಲಿನ ಉಷ್ಣತೆಯ ಮಿತಿ 35 ಡಿಗ್ರಿ. ಏಪ್ರಿಲ್‌ನಲ್ಲಿ ಇಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಅದು ದಾಟಿರುತ್ತದೆ. ಪರದೆ ಮಂಕಾಗುತ್ತದೆ, ಆಮೇಲೆ ‘ತಣ್ಣಗಾಗಲಿ’ ಎಂಬ ಸೂಚನೆ ಬರುತ್ತದೆ. ಕೈ ಜಿಪಿಎಸ್‌ನ ಪರದೆ ಬಿಸಿಲನ್ನೇ ಪ್ರತಿಫಲಿಸಿ ಬೆಳಗುವ ಬಗೆಯದ್ದು, ಬಿಸಿಲೇರಿದಷ್ಟೂ ಚೆನ್ನಾಗಿ ಕಾಣುತ್ತದೆ. ಇಟ್ರೆಕ್ಸ್ 22ಎಕ್ಸ್ ಎರಡು ಎಎ ಸೆಲ್‌ಗಳಲ್ಲಿ 25 ಗಂಟೆ, ಇಟ್ರೆಕ್ಸ್ ಎಸ್‌ಇ 168 ಗಂಟೆ ಓಡುತ್ತವೆಂದು ಕಂಪನಿ ಹೇಳುತ್ತದೆ. ಎಸ್‌ಇಯಲ್ಲಿ ನಕಾಶೆ ಇಲ್ಲ ಎಂಬುದನ್ನು ಮರೆಯಬೇಡಿ, ಬಿಂದುಗಳೂ ದಾರಿಯ ಗೆರೆಯೂ ಮಾತ್ರ. ಎಎ ಸೆಲ್ಲಿನದು ನನ್ನ ಮಟ್ಟಿಗೆ ದೊಡ್ಡ ಗುಣ: ಕುರುಗೋಡು, ಸಿರುಗುಪ್ಪದ ಕಿರಾಣಿ ಅಂಗಡಿಯಲ್ಲೂ ಸಿಗುತ್ತವೆ. ತೆಕ್ಕಲಕೋಟೆಯ ಗುಡ್ಡ ಸುತ್ತಿ ಬಂದವರಿಗೆ ಚಾರ್ಜರ್ ಹುಡುಕುವ ಪಾಡು ಬೇಡ.

ಹೊಸಬರು ದಾರಿ ತಪ್ಪುವುದು ಉಪಗ್ರಹದಿಂದಲ್ಲ, ಅಂಕಿ ಬರೆಯುವ ಬಗೆಯಿಂದ. ಬಳ್ಳಾರಿ ನಗರದ ಒಂದು ಬಿಂದು ತೆಗೆದುಕೊಳ್ಳಿ: ಉತ್ತರ 15.14 ಡಿಗ್ರಿ, ಪೂರ್ವ 76.92 ಡಿಗ್ರಿ. ಇದನ್ನೇ ಡಿಗ್ರಿ, ಮಿನಿಟು, ಸೆಕೆಂಡಿನಲ್ಲಿ ಬರೆದರೆ 15° 08′ 24″ ಮತ್ತು 76° 55′ 12″. ಜಿಯೋಕ್ಯಾಶಿಂಗ್‌ನವರು ಬರೆಯುವ ಕ್ರಮವೇ ಮೂರನೆಯದು, ಮಿನಿಟನ್ನೇ ದಶಾಂಶದಲ್ಲಿ: 15° 08.400′, 76° 55.200′. ಯಾರಾದರೂ 24 ಸೆಕೆಂಡನ್ನು 08.24 ಮಿನಿಟೆಂದೂ 12 ಸೆಕೆಂಡನ್ನು 55.12 ಮಿನಿಟೆಂದೂ ಒತ್ತಿದರೆ, ಮುನ್ನೂರು ಮೀಟರಿಗೂ ಹೆಚ್ಚು ದೂರದ ಬೇರೊಂದು ಬೀದಿಯಲ್ಲಿ ಪೆಟ್ಟಿಗೆ ಹುಡುಕುತ್ತಿರುತ್ತಾರೆ. ಅಕ್ಷಾಂಶದ ಒಂದು ಮಿನಿಟೆಂದರೆ ಇಲ್ಲಿ ಸುಮಾರು 1.84 ಕಿಲೋಮೀಟರ್. ಮೂರನೆಯ ದಶಾಂಶದ ಒಂದಂಕಿ ಸುಮಾರು 1.8 ಮೀಟರ್, ಅಂದರೆ ಒಂದು ಗುಂಡಿನಿಂದ ಪಕ್ಕದ ಗುಂಡಿಗೆ. ಅದಕ್ಕಿಂತ ಹೆಚ್ಚು ದಶಾಂಶ ತೋರಿಸುವ ಯಂತ್ರ ಜಾಣನೇನಲ್ಲ.

ಇನ್ನೊಂದು ಬಲೆ ಹಳೆಯ ನಕಾಶೆಗಳದ್ದು. ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳಲ್ಲಿ ಬಳ್ಳಾರಿ ನಗರ ಬರುವುದು 57 ಎ/16ರಲ್ಲಿ. ಅವನ್ನು ರಚಿಸಿದ್ದು ಎವರೆಸ್ಟ್ 1830 ಎಂಬ ಭೂಗೋಳದ ಆಕಾರವನ್ನು ಆಧರಿಸಿ, ಜಿಪಿಎಸ್ ನೆಚ್ಚುವುದು ಡಬ್ಲ್ಯೂಜಿಎಸ್ 84 ಅನ್ನು. ಹಳೆಯ ಹಾಳೆಯಿಂದ ಅಂಕಿ ಓದಿ ಹಾಗೇ ಯಂತ್ರಕ್ಕೆ ಹಾಕಿದರೆ ನಮ್ಮ ಭಾಗದಲ್ಲಿ ನೂರಿನ್ನೂರು ಮೀಟರ್ ಸರಿಯುತ್ತದೆ. ಕೋಟೆಯೋ ಕೆರೆಯೋ ಆದರೆ ಕಣ್ಣಿಗೆ ಬೀಳುತ್ತದೆ, ಬಂಡೆಯಾದರೆ ಹೋಯಿತು.

ಹೊಲದ ಬದು ತೀರ್ಮಾನಿಸಲು ಈ ಯಂತ್ರ ಹಿಡಿದು ಹೋಗಬೇಡಿ ಎಂದೂ ಹೇಳಬೇಕು. 2011ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ಬಳ್ಳಾರಿಯ ಗಣಿ ಗುತ್ತಿಗೆಗಳ ಗಡಿ ಅಳೆದಾಗ ಬಳಸಿದ್ದು ಡಿಜಿಪಿಎಸ್ ಮತ್ತು ಟೋಟಲ್ ಸ್ಟೇಷನ್ ಎಂಬ ಹೆಚ್ಚು ನಿಖರವಾದ ಸರ್ವೆ ಯಂತ್ರಗಳನ್ನು. ಗಡಿಯಾಚೆ ಎಷ್ಟು ಶೇಕಡಾ ಅಗೆದಿದ್ದಾರೆ ಎಂಬುದರ ಮೇಲೆ ಗಣಿಗಳು ‘ಬಿ’ ವರ್ಗವೋ ‘ಸಿ’ ವರ್ಗವೋ ಎಂದು ನಿರ್ಧಾರವಾಗುವಾಗ ಐದು ಮೀಟರಿನ ಅನುಮಾನ ನಡೆಯುವುದಿಲ್ಲ.

ಯಂತ್ರದ ಪೆಟ್ಟಿಗೆಯ ಮೇಲೆ ‘ನಾವಿಕ್’ ಎಂದಿದ್ದರೆ ಹೆಮ್ಮೆಪಡಿ, ಆದರೆ ಅದೊಂದನ್ನೇ ನೆಚ್ಚಬೇಡಿ. ಇಸ್ರೊದ ಈ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು, ಅದರ ಪರಮಾಣು ಗಡಿಯಾರಗಳು ಆಮೇಲೆ ಕೈಕೊಟ್ಟವು. ನಮ್ಮದೇ ರುಬಿಡಿಯಂ ಗಡಿಯಾರ ಹೊತ್ತ ಎನ್‌ವಿಎಸ್-01 ಏರಿದ್ದು 2023ರ ಮೇ 29ರಂದು. ಅದಕ್ಕಿಂತ ಸದ್ದಿಲ್ಲದೆ ಉಪಕರಿಸುವುದು ವಿಮಾನಗಳಿಗೆಂದು ಕಟ್ಟಿದ, ಜಿಪಿಎಸ್ ದೋಷ ತಿದ್ದುವ ಗಗನ್. ಅದರ ತಿದ್ದುಪಡಿ ಸಾರುವ ಜಿಸ್ಯಾಟ್-10 ಪೂರ್ವ 83 ಡಿಗ್ರಿಯ ಮೇಲಿದೆ, ಬಳ್ಳಾರಿಗೆ ಅದು ಬಾನಂಚಿನಿಂದ ಸುಮಾರು 70 ಡಿಗ್ರಿ ಎತ್ತರ. ಗುಡ್ಡದ ಮರೆ ಅದಕ್ಕೆ ಸುಲಭಕ್ಕೆ ಅಡ್ಡಬರುವುದಿಲ್ಲ. ಯಂತ್ರದ ಪಟ್ಟಿಯಲ್ಲಿ ಇದು ‘ವಾಸ್’ ಅಥವಾ ‘ಎಸ್‌ಬಿಎಎಸ್’ ಎಂಬ ಹೆಸರಲ್ಲಿ ಅಡಗಿರುತ್ತದೆ. ಆನ್ ಮಾಡಿಕೊಳ್ಳಿ.

ಎತ್ತರದ ವಿಷಯದಲ್ಲಿ ಜಿಪಿಎಸ್ ಯಾವತ್ತೂ ಸ್ವಲ್ಪ ದಡ್ಡ. ಉಪಗ್ರಹಗಳೆಲ್ಲ ತಲೆಯ ಮೇಲೇ ಇರುವುದರಿಂದ ಮೇಲೆಕೆಳಗಿನ ದೋಷ ಅಕ್ಕಪಕ್ಕದ್ದಕ್ಕಿಂತ ದೊಡ್ಡದು. ಎತ್ತರ ಬೇಕಾದವರು ವಾಯುಭಾರಮಾಪಕ ಇರುವ ಮಾದರಿ ಕೊಂಡು, ಗೊತ್ತಿರುವ ಎತ್ತರದಲ್ಲಿ ಅದನ್ನು ಹೊಂದಿಸಿಕೊಳ್ಳಬೇಕು. ಬಳ್ಳಾರಿಯ ಕೋಟೆಯನ್ನು ಬಲಪಡಿಸಿದ ಫ್ರೆಂಚ್ ಎಂಜಿನಿಯರ್‌ನನ್ನು, ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವೆಂದು ತಿಳಿದ ಹೈದರಾಲಿ ಗಲ್ಲಿಗೇರಿಸಿದ ಎಂಬ ಐತಿಹ್ಯ ಊರಿನಲ್ಲಿದೆ. ಕಥೆ ನಿಜವೋ ಸುಳ್ಳೋ, ಆ ಎಂಜಿನಿಯರ್‌ಗೆ ಒಂದು ವಾಯುಭಾರಮಾಪಕ ಬೇಕಿತ್ತು.

ಎಲೆಕ್ಟ್ರಾನಿಕ್ ದಿಕ್ಸೂಚಿಗೆ ಹೆಚ್ಚು ಹಣ ಕೊಡುವ ಮುನ್ನ ಯೋಚಿಸಿ. ಸಂಡೂರಿನ ಅದಿರಿನ ಗುಡ್ಡ, ಸಂಗನಕಲ್ಲಿನ ಡಾಲರೈಟ್, ಎರಡರಲ್ಲೂ ಕಾಂತಗುಣದ ಖನಿಜವಿದೆ, ಮುಳ್ಳು ವಾಲಬಹುದು. ನಾಲ್ಕು ಹೆಜ್ಜೆ ನಡೆದರೆ ಸಾದಾ ಯಂತ್ರವೂ ದಿಕ್ಕು ಹೇಳುತ್ತದೆ.

ಹೆಸರಿನ ಕೊನೆಯಲ್ಲಿ ‘ಐ’ ಇರುವ ಜಿಪಿಎಸ್‌ಮ್ಯಾಪ್ 67ಐ ಮುಂತಾದವನ್ನು ವಿದೇಶದ ನೆಂಟರಿಂದ ತರಿಸಬೇಡಿ. ಅವು ಉಪಗ್ರಹದ ಮೂಲಕ ಸಂದೇಶ ಕಳಿಸುವ ಯಂತ್ರಗಳು. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಇಟ್ಟುಕೊಂಡರೆ ಅಪರಾಧ, ಹಾಗೆ ತಂದ ಪ್ರವಾಸಿಗಳು ವಿಮಾನ ನಿಲ್ದಾಣಗಳಲ್ಲೇ ಸಿಕ್ಕಿಬಿದ್ದಿದ್ದಾರೆ. ಬರೀ ಸಂಕೇತ ಪಡೆಯುವ ಯಂತ್ರಕ್ಕೆ ಈ ತೊಡಕಿಲ್ಲ.

ಪೆಟ್ಟಿಗೆ ಎಲ್ಲಿಡಬೇಕೆಂಬುದೂ ಆಯ್ಕೆಯ ಭಾಗವೇ. ನೆಲ ಅಗೆದು ಹೂಳುವುದನ್ನು ಆಟದ ನಿಯಮವೇ ಒಪ್ಪುವುದಿಲ್ಲ. ನಿಟ್ಟೂರು, ಉಡೇಗೋಳದ ಅಶೋಕನ ಶಾಸನಗಳ ಬಳಿಯಾಗಲಿ ಕುಪ್ಪಗಲ್ಲಿನ ಚಿತ್ರಗಳ ಬಳಿಯಾಗಲಿ ಪೆಟ್ಟಿಗೆ ಇಟ್ಟು ಜನ ಸೇರಿಸುವುದು ತರವಲ್ಲ, ಅಲ್ಲಿ ಒಂದು ಗೀರು ಬಿದ್ದರೂ ಅಳಿಸಲಾಗದು. ದರೋಜಿಯ ಕಡೆಯ ಗುಂಡುಗಳ ಗವಿಗಳು ಕರಡಿಗಳ ಮನೆ, 1994ರಿಂದ ಅದು ಕರಡಿಧಾಮ. ಉಳಿದ ಕಡೆಯೂ ಸಂದಿಗೆ ಕೈ ಹಾಕುವ ಮುನ್ನ ಕೋಲು ಹಾಕಿ, ಚೇಳಿಗೆ ಅಕ್ಷಾಂಶ ರೇಖಾಂಶ ತಿಳಿಯದು.

ಕಡೆಯದಾಗಿ, ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನ ಸಂಜೆಗಳ ಮಾತು. ಭೂಕಾಂತದ ಮಧ್ಯರೇಖೆ ದಕ್ಷಿಣ ಭಾರತದ ತುದಿಯಲ್ಲಿ ಹಾದುಹೋಗುವುದರಿಂದ, ಆ ತಿಂಗಳುಗಳಲ್ಲಿ ಹೊತ್ತು ಮುಳುಗಿದ ಮೇಲೆ ನಮ್ಮ ನೆತ್ತಿಯ ಅಯಾನುಗೋಳದಲ್ಲಿ ಗುಳ್ಳೆಗಳೆದ್ದು ಉಪಗ್ರಹದ ಸಂಕೇತ ಮಿಣುಕತೊಡಗುತ್ತದೆ. ಸೂರ್ಯನ ಚಟುವಟಿಕೆ ಹೆಚ್ಚಿದ ವರ್ಷಗಳಲ್ಲಿ ಇದು ಜೋರು. ಎರಡು ಆವರ್ತನದ ದುಬಾರಿ ಯಂತ್ರವೂ ಆಗ ಉಪಗ್ರಹಗಳ ಹಿಡಿತ ಕಳೆದುಕೊಳ್ಳಬಹುದು. ಹೊಸ ಯಂತ್ರವನ್ನು ಅಂಥ ಸಂಜೆ ಏಳೆಂಟು ಗಂಟೆಗೆ ಮೊದಲ ಸಲ ಪರೀಕ್ಷಿಸಿ, ಅಂಕಿ ಕುಣಿಯಿತೆಂದು ಅಂಗಡಿಗೆ ವಾಪಸ್ ಒಯ್ಯಬೇಡಿ. ಬೆಳಗ್ಗೆ ಇನ್ನೊಮ್ಮೆ ನೋಡಿ.