ನಾರಿನ ಹಗ್ಗ, ಸೀಟಿಯ ಸಂಜ್ಞೆ

ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಮಟ್ಟೆ ನೆನೆಹಾಕಿ, ಬಡಿದು, ನಾರು ಹೊಸೆಯುವ ಕಸುಬು ಕಣ್ಣಿಗಿಂತ ಬೆರಳಿಗೆ ಸೇರಿದುದೆಂಬುದನ್ನು ಬಲ್ಲವರು, ಸ್ಕೌಟು ವಿದ್ಯೆಯ ಆದಿಪಾಠವಾದ ಗಂಟು ಕಟ್ಟುವಿಕೆಗೆ ದೃಷ್ಟಿಯೇ ಆಧಾರವೆಂದು ಭಾವಿಸಿ ಅಂಧ ಬಾಲಕನನ್ನು ದಳದ ಹೊರಗೆ ಕುಳ್ಳಿರಿಸುವುದು ಎಂತಹ ಅವಿಚಾರವೆಂಬುದನ್ನು ಒಡನೆಯೇ ಗ್ರಹಿಸುವರು.

ಭಾರತದ ಮೊದಲ ಸ್ಕೌಟ್ ದಳ 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಅಂಗವಿಕಲರ ಸೇರ್ಪಡೆಯೂ ಹೊಸದೇನಲ್ಲ: 1926ರಲ್ಲಿ ಇಂಗ್ಲೆಂಡಿನ ಸ್ಕೌಟ್ ಸಂಸ್ಥೆ ಅಂಗವಿಕಲ ಬಾಲಕರಿಗಾಗಿ ವಿಶೇಷ ಪರೀಕ್ಷೆಗಳ ಶಾಖೆಯೊಂದನ್ನು ತೆರೆಯಿತು. ನಮ್ಮ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ 1950ರ ನವೆಂಬರ್ 7ರಂದು ಸ್ಥಾಪನೆಯಾಯಿತು. ಪ್ರವೇಶವೆಂಬ ಹಂತದಿಂದ ತೃತೀಯ ಸೋಪಾನದವರೆಗೆ ಏರುವ ಈ ಶಿಕ್ಷಣಕ್ಕೆ ಮಕ್ಕಳು ತೊಡುವ ಪ್ರತಿಜ್ಞೆಯಾದರೂ ತಮ್ಮಿಂದಾದಷ್ಟನ್ನು ಮಾಡುವೆವೆಂಬುದೇ ಹೊರತು ಪಕ್ಕದವನಷ್ಟನ್ನೆಂದಲ್ಲ.

ಎರಡು ತುದಿಗಳನ್ನು ಕೂಡಿಸುವ ರೀಫ್ ಗಂಟನ್ನೇ ನೋಡಿರಿ. ಸರಿಯಾಗಿ ಬಿದ್ದರೆ ಎರಡು ಕುಣಿಕೆಗಳು ಒಂದರೊಳಗೊಂದು ಹೆಣೆದು, ತುದಿಗಳು ಹಗ್ಗದ ಗುಂಟವೇ ಒರಗುವುವು; ತಪ್ಪಿದರೆ ಅಡ್ಡಲಾಗಿ ಸೆಟೆದು ನಿಲ್ಲುವುವು. ಒಂದು ತುದಿಗೆ ಒರಟು ನಾರಿನ ಹಗ್ಗವನ್ನೂ ಇನ್ನೊಂದಕ್ಕೆ ನುಣುಪಾದ ನೂಲಿನದನ್ನೂ ಕೊಟ್ಟರೆ, ಯಾವುದು ಯಾವುದರ ಮೇಲೆ ಹಾಯ್ದಿತೆಂಬುದನ್ನು ಬೆರಳೇ ಹೇಳುವುದು. ದಳನಾಯಕರು ಮಕ್ಕಳನ್ನು ಕೂಡಿಸಲು ಬಳಸುವ ಸೀಟಿ, ಹಸ್ತಸಂಜ್ಞೆಗಳೆಂಬೆರಡು ಸಾಧನಗಳಲ್ಲಿ ಮೊದಲನೆಯದು ಕಾಣದ ಮಗುವಿಗೂ, ಎರಡನೆಯದು ಕೇಳದ ಮಗುವಿಗೂ ಸಲ್ಲತಕ್ಕುದಾದುದರಿಂದ, ಎರಡನ್ನೂ ಒಮ್ಮೆಲೇ ಪ್ರಯೋಗಿಸುವುದಷ್ಟೇ ಉಳಿದ ಕೆಲಸ. ಹೊಸದಾಗಿ ಕಂಡುಹಿಡಿಯಬೇಕಾದುದು ಬಹಳವಿಲ್ಲ.

ಗಾಲಿಕುರ್ಚಿಯ ಮಗುವಿಗೆ ತೋಟದ ಪಾತಿ, ಬದು, ಬಿದ್ದ ಸೋಗೆಗಳು ಹಾದಿ ಕೊಡವು. ಆದುದರಿಂದ ಕಾಲ್ನಡಿಗೆಯ ಪ್ರವಾಸವನ್ನು ಗಟ್ಟಿಯಾದ ಕೆರೆಯೇರಿಯ ಮೇಲೆ ನಡೆಸಬಹುದು. ಮಧುಮೇಹಕ್ಕಾಗಿ ಇನ್ಸುಲಿನ್ ಪಡೆಯುವ ಮಗುವಿನ ಊಟದ ಹೊತ್ತು ಮೀರಬಾರದು, ಜತೆಯ ನಾಯಕನ ಚೀಲದಲ್ಲಿ ಸಕ್ಕರೆ ಇರಬೇಕು. ಮೂರ್ಛೆರೋಗವುಳ್ಳವನು ನೀರಿನ ಬಳಿ, ಶಿಬಿರಾಗ್ನಿಯ ಬಳಿ ಒಬ್ಬನೇ ಇರಬಾರದು. ಆದರೆ ಈ ಎಚ್ಚರಿಕೆಗಳ ನೆವದಿಂದ ಅಂತಹ ಮಕ್ಕಳಿಗೆ ಉಳಿದವರ ಚೀಲ ಕಾಯುವ ಕೆಲಸ ಒಪ್ಪಿಸುವ ದಯಾಳುಗಳನ್ನು ಕಂಡರೆ ನನಗೆ ಕೋಪ ಬರುತ್ತದೆ. ಅವರಿಗಿಂತ ಬಾಯಿಬಿಟ್ಟು ಬೇಡವೆನ್ನುವವರೇ ಮೇಲು, ಇವರೊಡನೆಯಾದರೂ ವಾದಿಸಬಹುದು.

ಶಾಲೆಗೆ ಬರಲಾಗದ ಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಡಿ ಗೃಹಾಧಾರಿತ ಪಾಠವುಂಟು; ಅಂತಹವರ ಮನೆಗಳನ್ನು ತಾಲ್ಲೂಕಿನ ಸಂಪನ್ಮೂಲ ಶಿಕ್ಷಕರು ಬಲ್ಲರು. ಪಟ್ರೋಲ್ ಎಂಬ ಆರೆಂಟು ಮಕ್ಕಳ ಕಿರುಪಡೆ ವಾರದ ಸಭೆಯೊಂದನ್ನು ಆ ಮನೆಯ ಜಗುಲಿಯಲ್ಲಿಯೇ ನಡೆಸಿ, ಹಗ್ಗವನ್ನು ಮುಂದಿನ ವಾರದ ಅಭ್ಯಾಸಕ್ಕೆಂದು ಅಲ್ಲಿಯೇ ಬಿಟ್ಟುಬರಲು ಮೇಲಿನ ಆಜ್ಞೆಗಾಗಿ ಕಾಯಬೇಕಾದುದಿಲ್ಲ.